ಅಳಿಸಿದರೂ ಉಳಿದ ಸೊನ್ನೆ

ನನ್ನಂಥ ಹಲಗೆ ಕಥೆ ಹೇಳಹೊರಡುವುದು ಅಧಿಕಪ್ರಸಂಗವೇ ಸರಿ. ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾನು ಒಂದು ಕರಿಹಲಗೆ, ಎರಡು ಮೊಳ ಅಗಲ, ಒಂದೂವರೆ ಮೊಳ ಎತ್ತರ. ನಾನು ಕಲಿತದ್ದು ಸಂಜೆ ಶಾಲೆಯಲ್ಲಿ, ಅದೂ ನನ್ನ ಮೇಲೆ ಬರೆದಷ್ಟೇ. ಬರೆದದ್ದನ್ನು ದಿನವೂ ಅಳಿಸುತ್ತಿದ್ದರು. ಆದ್ದರಿಂದ ಎಲ್ಲಾದರೂ ತಪ್ಪಿದ್ದರೆ ತಿಳಿದವರು ತಿದ್ದಿಕೊಳ್ಳಬೇಕು.

ಮಂಡ್ಯದ ಒಬ್ಬ ಆಚಾರಿ ಹಳೇ ಬಾಗಿಲೊಂದರ ಹೊನ್ನೆ ಹಲಗೆಗಳನ್ನು ಜೋಡಿಸಿ ನನ್ನನ್ನು ಮಾಡಿದ. ಕಾರ್ಮಿಕರ ಸಂಜೆ ಶಾಲೆಯ ಹೊಂಬಾಳಯ್ಯ ಮೇಷ್ಟ್ರು ನನ್ನನ್ನು ಹೆಗಲ ಮೇಲೆ ಹೊತ್ತು ಒಯ್ದರು. ಶನಿವಾರ ಬಂದರೆ ನನಗೆ ಸ್ನಾನ. ಇದ್ದಿಲ ಪುಡಿಗೆ ಗರಗದ ಸೊಪ್ಪಿನ ರಸ ಕಲಸಿ, ಕಲಿಯಲು ಬಂದವರೇ ಮೈತುಂಬ ತಿಕ್ಕುತ್ತಿದ್ದರು. ಆ ವಾರದ ತಪ್ಪುಗಳೆಲ್ಲ ಮುಚ್ಚಿಹೋಗುತ್ತಿದ್ದವು. ಸೋಮವಾರ ನಾನು ಹೊಸಬ.

ನಾಲ್ಕು ವರ್ಷಕ್ಕೆ ಶಾಲೆ ನಿಂತಿತು. ಮೇಷ್ಟ್ರು ಬೆಳಿಗ್ಗೆ ಹೊತ್ತು ಹುಡುಗಿಯರಿಗೆ ಬಾಸ್ಕೆಟ್‌ಬಾಲ್ ಕಲಿಸುತ್ತಿದ್ದರು. ನನ್ನನ್ನು ಅಲ್ಲಿಗೆ ತಂದು ಕಂಬಕ್ಕೆ ಒರಗಿಸಿದರು. ಅಕ್ಷರಗಳ ಜಾಗದಲ್ಲಿ ಈಗ ಸೊನ್ನೆ, ಗೆರೆ, ಬಾಣ. ಒಂದು ಸೊನ್ನೆ ಎಂದರೆ ಒಬ್ಬ ಆಟಗಾರ್ತಿ. ಬಾಣ ಎಂದರೆ ಅವಳು ಓಡಬೇಕಾದ ದಾರಿ. ದೂರಕ್ಕೂ ಕಾಣಲೆಂದು ಮೇಷ್ಟ್ರು ಸೀಮೆಸುಣ್ಣವನ್ನು ನೀರಿನಲ್ಲಿ ಅದ್ದಿ ಬರೆಯುತ್ತಿದ್ದರು. ಶನಿವಾರದ ಸ್ನಾನ ಮಾತ್ರ ಅವರಿಗೆ ಮರೆತೇಹೋಯಿತು.

ತಂಡದ ಹೆಸರುವಾಸಿ ಆಟಗಾರ್ತಿ ಪುಷ್ಪಲತಾ. ಅವಳದು ಒಂದೇ ಶೈಲಿ. ಎಡಗಡೆ ನಿಂತು ಚೆಂಡು ತರಿಸಿಕೊಳ್ಳುವಳು. ಎರಡು ಸಲ ಪುಟಿಸಿ, ಚಕ್ಕನೆ ನಿಂತು, ನೆಗೆದು ಎಸೆಯುವಳು. ಹತ್ತರಲ್ಲಿ ಆರು ಬಾರಿಯಾದರೂ ಚೆಂಡು ಬಲೆಯೊಳಗೆ ಬೀಳುತ್ತಿತ್ತು. ಹಾಗಾಗಿ ಮೇಷ್ಟ್ರು ಮೊದಲು ಬರೆಯುತ್ತಿದ್ದುದು ಅವಳ ಸೊನ್ನೆಯನ್ನೇ, ಅದೂ ದಿನವೂ ಅದೇ ಜಾಗದಲ್ಲಿ. ಮಿಕ್ಕ ನಾಲ್ವರನ್ನು ಅದರ ಸುತ್ತ ಎಲ್ಲಾದರೂ ಹೊಂದಿಸುತ್ತಿದ್ದರು.

"ಚೆಂಡು ಪುಷ್ಪಂಗ್ ಕೊಡಿ. ಮುಂದಿಂದು ಅವ್ಳು ನೋಡ್ಕತಾಳೆ," ಎನ್ನುವರು.

ಆಟದ ಬಗ್ಗೆ ಮಾತಾಡಲು ನನಗೆ ಅಂಜಿಕೆ. ಆದರೂ ಎರಡು ವರ್ಷ ನನ್ನ ಮೈಮೇಲೆಯೇ ನಡೆದದ್ದನ್ನು ಧೈರ್ಯವಾಗಿ ಹೇಳುತ್ತೇನೆ. ನಾವು ದಾಳಿ ಮಾಡುವಾಗ ನಾಲ್ಕು ಸೊನ್ನೆಗಳಿಗೆ ಬಾಣವೇ ಇರಲಿಲ್ಲ. ಅವರು ನಿಂತು ನೋಡಬೇಕಿತ್ತು, ಅಷ್ಟೇ. ಎದುರಾಳಿಗಳು ನಮ್ಮ ಬಾಸ್ಕೆಟ್ಟಿಗೆ ನುಗ್ಗಿದಾಗ ತಿರುಗುಮುರುಗು. ದಣಿಯಬಾರದೆಂದು ಪುಷ್ಪಲತಾಳನ್ನು ಮೇಷ್ಟ್ರು ನಡುಗೆರೆಯ ಬಳಿಯೇ ನಿಲ್ಲಿಸುತ್ತಿದ್ದರು. ಐವರನ್ನು ತಡೆಯುವ ಕೆಲಸ ನಾಲ್ವರ ಪಾಲಿಗೆ. ಅದರಿಂದ ಆ ನಾಲ್ವರು ಗಟ್ಟಿಯಾದದ್ದು ನಿಜ. ಕೊನೆಯ ಐದು ನಿಮಿಷಕ್ಕೆ ಅವರ ಕಾಲು ಸೋಲುತ್ತಿದ್ದುದೂ ನಿಜ.

ಇಷ್ಟರಲ್ಲಿ ಅವಳ ಸೊನ್ನೆ ಅಳಿಸದಂತೆ ನನ್ನಲ್ಲಿ ಇಳಿದುಬಿಟ್ಟಿತ್ತು. ಡಸ್ಟರು ಎಳೆದರೆ ನಾಲ್ಕು ಹೋಗುತ್ತಿದ್ದವು, ಒಂದು ಉಳಿಯುತ್ತಿತ್ತು. ತಪ್ಪು ನನ್ನದೇ ಇರಬಹುದೆಂದು ಈಗಲೂ ಅನಿಸುತ್ತದೆ. ಅದು ಅಳಿಸಿಹೋಗಿದ್ದರೆ ಮೇಷ್ಟ್ರು ಒಂದು ದಿನವಾದರೂ ಬೇರೆ ಜಾಗದಿಂದ ಶುರುಮಾಡುತ್ತಿದ್ದರೇನೋ.

ಆ ವರ್ಷ ನಾವು ಫೈನಲಿಗೆ ಬಂದೆವು, ಮೈಸೂರಿನವರ ಎದುರು. ರಾಜ್ಯದ ಜೂನಿಯರ್ ತಂಡಕ್ಕೆ ಹುಡುಗಿಯರನ್ನು ಆರಿಸುವವರು ಬಂದು ಕುರ್ಚಿಯಲ್ಲಿ ಕೂತಿದ್ದರು. ಮುಂದಿನ ವರ್ಷಕ್ಕೆ ಪುಷ್ಪಲತಾಳ ವಯಸ್ಸು ಮೀರುತ್ತಿತ್ತು. ಅವಳಿಗಿದ್ದುದು ಆ ಒಂದೇ ದಿನ. ಯಾರು ಎಷ್ಟು ಅಂಕ ಹೊಡೆದರೆಂದು ನೋಡಿಯೇ ಆರಿಸುತ್ತಾರೆ ಎಂದು ಎಲ್ಲರೂ ಹೇಳುತ್ತಿದ್ದರು.

ಮೈಸೂರಿನವರು ಅವಳ ಮೇಲೆ ಇಬ್ಬರನ್ನು ಬಿಟ್ಟರು. ಅವಳು ಇಬ್ಬರ ನಡುವಿನಿಂದಲೇ ಎಸೆದಳು, ಎಸೆಯುತ್ತಲೇ ಇದ್ದಳು. ಅರ್ಧ ಆಟಕ್ಕೆ ಅವಳವು ಹದಿನಾಲ್ಕು ಅಂಕ. ನಮ್ಮ ತಂಡ ಹನ್ನೊಂದು ಅಂಕ ಹಿಂದೆ.

ವಿರಾಮದಲ್ಲಿ ಮೇಷ್ಟ್ರು ಸೀಮೆಸುಣ್ಣ ಅದ್ದಿಕೊಂಡು ಬಂದರು. ಅವರ ಕೈ ನೆಟ್ಟಗೆ ಎಡಗಡೆಯ ಸೊನ್ನೆಗೇ ಹೋಯಿತು. ಆಗ ಚೆಂಡು ಸಾಗಿಸುವ ಕುಳ್ಳಿ ಜಯಶೀಲಾ ಬಾಯಿಬಿಟ್ಟಳು.

"ಸಾ, ಅವ್ಳ ಸೊನ್ನೆ ಇದ್ದೇ ಅದಲ್ಲ, ಯಾಕ್ ತಿದ್ತೀರಿ? ನಮ್ದೂ ವಸಿ ಬರೀರಿ. ಆಲೆಮನೆ ಮುಂದೆ ಬೆಲ್ಲಕ್ ಕಾಯ್ಕಂಡ್ ನಿಂತವ್ರಂಗೆ ನಿಂತಿರ್ತೀವಿ ನಾವು."

"ಸುಮ್ಕಿರವ್ವ, ಟೈಮಿಲ್ಲ," ಎಂದರು ಮೇಷ್ಟ್ರು.

ಪುಷ್ಪಲತಾ ಎದ್ದು ಬಂದು ಒದ್ದೆ ಟವೆಲಿನಿಂದ ಆ ಸೊನ್ನೆಯನ್ನು ಉಜ್ಜಿದಳು. ಹೋಗಲಿಲ್ಲ. ಉಗುರಿನಿಂದ ಕೆರೆದಳು. ನನಗೆ ನೋವಾಯಿತು, ಆದರೂ ಹೋಗಲಿಲ್ಲ.

"ಇರ್ಲಿ ಬುಡಿ ಸಾ. ಮೈಸೂರ್ನೋರೂ ಇದ್ನೇ ನೋಡ್ತಾ ಇರ್ಲಿ," ಎಂದು ಮೇಷ್ಟ್ರ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡಳು. ಮಿಕ್ಕ ನಾಲ್ಕು ಸೊನ್ನೆ ಬರೆದು, ಅವುಗಳಿಂದ ಎದುರಾಳಿಗಳ ಬಾಸ್ಕೆಟ್ಟಿನ ಕಡೆಗೆ ನಾಲ್ಕು ಬಾಣ ಎಳೆದಳು. ತನ್ನದಕ್ಕೆ ಒಂದೇ ಬಾಣ, ಹಿಂದಕ್ಕೆ, ನಮ್ಮ ಬಾಸ್ಕೆಟ್ಟಿನ ಕಡೆಗೆ. "ಅವ್ರ ಉದ್ದದ ಹುಡ್ಗೀನ ನಾನೇ ಹಿಡಿತೀನಿ. ಶೀಲಾ, ನೀನ್ ಹೊಡಿ."

"ಆರಿಸೋರು ಕೂತವ್ರೆ ಕಣವ್ವ," ಎಂದರು ಮೇಷ್ಟ್ರು ಮೆಲ್ಲಗೆ.

"ಕಂಡಿದೀನಿ ಸಾ."

ಮುಂದಿನದನ್ನು ಬೆಂಚಿಗೆ ಒರಗಿಕೊಂಡೇ ನೋಡಿದೆ. ಪುಷ್ಪಲತಾ ತನ್ನ ಜಾಗದಲ್ಲಿ ನಿಂತು ಚೆಂಡಿಗೆ ಕೈ ಚಾಚುವಳು. ಅಷ್ಟಕ್ಕೇ ಇಬ್ಬರು ಅವಳಿಗೆ ಅಂಟಿಕೊಳ್ಳುವರು. ಚೆಂಡು ಅವಳ ಕೈಗೆ ಬಂದಷ್ಟೇ ಬೇಗ ಜಯಶೀಲಾಳ ಕೈಗೆ ಹೋಗುವುದು. ಬಲಗಡೆ ದಾರಿ ಬಯಲಾಗಿರುತ್ತಿತ್ತು. ಅವಳ ಹೆಸರಿಗೆ ಹೆದರಿ ಅವರು ಬಿಟ್ಟ ಜಾಗದಲ್ಲಿ ಉಳಿದವರು ಅಂಕ ಹೊಡೆದರು. ಚೆಂಡು ಕೈಬಿಟ್ಟೊಡನೆ ಅವಳು ಹಿಂದಕ್ಕೆ ಓಡಿ ಆ ಉದ್ದದ ಹುಡುಗಿಗೆ ಅಡ್ಡ ನಿಲ್ಲುವಳು. ಐವರೂ ತಡೆಯಲು ನಿಂತಾಗ ಕೊನೆಯ ಐದು ನಿಮಿಷದಲ್ಲಿ ಯಾರ ಕಾಲೂ ಸೋಲಲಿಲ್ಲ. ಎರಡು ಅಂಕದಿಂದ ಗೆದ್ದೆವು. ಆ ಅರ್ಧದಲ್ಲಿ ಅವಳು ಹೊಡೆದದ್ದು ಬರೀ ನಾಲ್ಕು.

ಹತ್ತು ದಿನಕ್ಕೆ ಪಟ್ಟಿ ಬಂತು. ಮೇಷ್ಟ್ರು ಅದನ್ನು ನನ್ನ ಮೇಲೆಯೇ ಬರೆದರು. ನಮ್ಮ ತಂಡದಿಂದ ಒಂದೇ ಹೆಸರು: ಜಯಶೀಲಾ. ಪುಷ್ಪಲತಾ ಓದಿದಳು. "ಅಕ್ಷರ ವಸಿ ದಪ್ಪಕ್ ಬರೀರಿ ಸಾ, ಶೀಲಾನ್ ಅವ್ವಂಗೆ ಕಣ್ ಸರ್ಯಾಗ್ ಕಾಣಕಿಲ್ಲ," ಎಂದು ಹೇಳಿ ಚೆಂಡು ತೆಗೆದುಕೊಂಡು ಅಂಗಣಕ್ಕೆ ಇಳಿದಳು.

ಮೇಷ್ಟ್ರು ತೀರಿಕೊಂಡ ಮೇಲೆ ಅವರ ಹೆಂಡತಿಯನ್ನು ಕೇಳಿ ನನ್ನನ್ನು ಒಯ್ದವಳೂ ಅವಳೇ. ಅಷ್ಟರಲ್ಲಿ ಅವಳು ಹೈಸ್ಕೂಲಿನ ಆಟದ ಟೀಚರಾಗಿದ್ದಳು. ಶನಿವಾರದ ಸ್ನಾನ ನನಗೆ ಮತ್ತೆ ಸಿಕ್ಕಿತು. ಅವಳು ಯಾರ ಸೊನ್ನೆಯನ್ನೂ ಒಂದೇ ಜಾಗದಲ್ಲಿ ಎರಡು ದಿನ ಬರೆಯಲಿಲ್ಲ. ಈಗ ನನ್ನ ಅಂಚು ಒಡೆದಿದೆ. ಆಟದ ಸಾಮಾನಿನ ಕೋಣೆಯಲ್ಲಿ, ಗಾಳಿ ಹೋದ ಚೆಂಡುಗಳ ಪಕ್ಕದಲ್ಲಿದ್ದೇನೆ. ಎಷ್ಟು ಇದ್ದಿಲು ತಿಕ್ಕಿದರೂ ಮೈ ಒದ್ದೆಯಾದಾಗ ಎಡಗಡೆ ಆ ಸೊನ್ನೆ ಮೆಲ್ಲಗೆ ಮೂಡುತ್ತದೆ.

ಒಮ್ಮೆ ಹುಡುಗಿಯೊಬ್ಬಳು ಅದನ್ನು ಕಂಡು, "ಮಿಸ್, ಇದ್ಯಾರದು?" ಎಂದು ಕೇಳಿದಳು.

"ಯಾರೋ ನಿಂತಿದ್ ಜಾಗ ಕಣೆ. ನೀನ್ ಓಡು," ಎಂದಳು ಪುಷ್ಪಲತಾ. ಹುಡುಗಿ ಹೋದ ಮೇಲೆ ಅದರ ಮೇಲೆ ಒಮ್ಮೆ ಬೆರಳಾಡಿಸಿದಳು.

ಆ ದಿನ ಸೀಮೆಸುಣ್ಣ ತೆಗೆದುಕೊಂಡದ್ದಕ್ಕೆ ಅವಳಿಗೆ ಎಂದಾದರೂ ಬೇಸರವಾಯಿತೇ? ನನಗೆ ಗೊತ್ತಿಲ್ಲ. ಅದನ್ನು ಅವಳು ನನ್ನ ಮೇಲೆ ಯಾವತ್ತೂ ಬರೆಯಲಿಲ್ಲ.