ಚಿಲ್ಲರೆ ಖರ್ಚಿನ ಖಾತೆಯಲ್ಲಿ ನಾನು

ನಲ್ಲಿ, ಪೈಪು, ವಾಷರು ಮಾರುವ ಅಂಗಡಿಯಲ್ಲಿ ಲೆಕ್ಕ ಬರೆಯುವವಳು ನಾನು. ಹಳೆಯ ಗುಮಾಸ್ತರು ಕಣ್ಣಿನ ಆಪರೇಷನ್‌ಗೆ ಹೋದಾಗ "ನಾಲ್ಕು ದಿನ ನೋಡ್ಕೊಳ್ಳಮ್ಮ" ಎಂದು ಯಜಮಾನರು ಕರೆದಿದ್ದರು. ಗುಮಾಸ್ತರು ಮಗಳ ಮನೆಯಲ್ಲೇ ಉಳಿದುಬಿಟ್ಟರು. ನನ್ನ ನಾಲ್ಕು ದಿನ ಎಳೆದೂ ಎಳೆದೂ ಎಂಟು ವರ್ಷವಾಯಿತು. ಅರ್ಧ ಇಂಚಿನ ಎಲ್ಬೋ ಯಾವ ಮೂಟೆಯಲ್ಲಿದೆ, ಯಾವ ಕಂಟ್ರಾಕ್ಟರನ ಚೆಕ್ಕು ಬ್ಯಾಂಕಿಗೆ ಹೋಗಿ ಹಾಗೇ ವಾಪಸು ಬರುತ್ತದೆ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ.

ಈ ವರ್ಷ ಯಜಮಾನರಿಗೆ ಎರಡನೇ ಅಂಗಡಿ ತೆರೆಯುವ ಆಸೆ ಹುಟ್ಟಿತು. ಸಾಲ ಕೊಡುವ ಬ್ಯಾಂಕಿನವರು, ಅಂಗಡಿಯ ಲೆಕ್ಕವು ಲೆಕ್ಕಶಾಸ್ತ್ರದ ಪರೀಕ್ಷೆ ಪಾಸಾದವರ ಕೈಯಲ್ಲಿರಬೇಕು ಎಂದರಂತೆ.

"ನೀನೇ ಪಾಸು ಮಾಡ್ಕೊಂಡ್ರೆ ಕುರ್ಚಿ ನಿಂದೇ ಕಣಮ್ಮ. ಇಲ್ದಿದ್ರೆ ಬೇರೆಯವರನ್ನ ನೋಡ್ಬೇಕಾಗತ್ತೆ. ಬೇಜಾರು ಮಾಡ್ಕೋಬೇಡ."

ಬೇಜಾರಾಯಿತು. ಆದರೂ ಹಳೆ ಪುಸ್ತಕದಂಗಡಿಯಿಂದ ಪಠ್ಯಪುಸ್ತಕಗಳನ್ನು ತಂದೆ. ಕ್ಲಾಸಿಗೆ ಹೋಗೋಣವೆಂದರೆ ಕ್ಲಾಸು ನಡೆಯುವುದೂ ಅಂಗಡಿಯ ಹೊತ್ತಿನಲ್ಲೇ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಗೋದಾಮಿಗೆ ಹೋಗಿ, ಸುತ್ತಿಟ್ಟ ರಬ್ಬರ್ ಪೈಪಿನ ಮೇಲೆ ಕೂತು ಓದುತ್ತಿದ್ದೆ. ಬೆಳಿಗ್ಗೆ ಅಜ್ಜಿ ನನ್ನ ತಲೆ ಬಾಚುವಾಗ ಗಟ್ಟಿಯಾಗಿ ಓದುತ್ತಿದ್ದೆ. ನನ್ನನ್ನು ಕಥೆ ಹೇಳಿ ಹೇಳಿಯೇ ಬೆಳೆಸಿದ ಅಜ್ಜಿ ಈಗ ಕಥೆ ಕೇಳುವವರ ಹಾಗೆ ಹೂಂಗುಟ್ಟುತ್ತಿದ್ದಳು.

"ಡೆಬಿಟ್ಟು ಅಂದ್ರೆ ಬರೋದೋ, ಹೋಗೋದೋ?"

"ಎರಡೂ ಆಗಬಹುದು ಅಜ್ಜಿ. ಯಾವ ಖಾತೆ ಅನ್ನೋದರ ಮೇಲೆ."

"ಹಾಗಾದ್ರೆ ನಿನ್ನ ಸೋದರಮಾವನೇ ಬಿಡು. ಅವನೂ ಬಂದನೋ ಹೋದನೋ ತಿಳಿಯೋದಿಲ್ಲ."

ಓದಲು ನನಗೆ ಭಯವಿರಲಿಲ್ಲ. ಭಯವಿದ್ದದ್ದು ಕಾಲದ್ದು. ಕೆಳಗಿನ ಪರೀಕ್ಷೆಯಿಂದ ಶುರು ಮಾಡಿದರೆ ಮೇಲಿನದು ಮುಗಿಯಲು ಎರಡು ವರ್ಷ. ಅಷ್ಟು ದಿನ ಯಾರೂ ಕುರ್ಚಿ ಖಾಲಿ ಇಟ್ಟು ಕಾಯುವುದಿಲ್ಲ. ಆದರೆ ಐದು ವರ್ಷ ಸಂಬಳಕ್ಕೆ ಲೆಕ್ಕ ಬರೆದವರು ನೇರವಾಗಿ ಮೇಲಿನ ಪರೀಕ್ಷೆಗೆ ಕೂರಬಹುದೆಂಬ ನಿಯಮವಿತ್ತು. ಅದಕ್ಕೆ ಸಂಬಳ ಕೊಟ್ಟದ್ದನ್ನು ತೋರಿಸುವ ಅಂಗಡಿಯ ಲೆಕ್ಕದ ಪುಟದ ನಕಲು ಬೇಕು, ಯಜಮಾನರ ಸಹಿಯೊಂದಿಗೆ. ಅಷ್ಟೇ ತಾನೆ, ಎಂದುಕೊಂಡಿದ್ದೆ.

ಆಮೇಲೆ ತಪ್ಪುಗಳ ಅಧ್ಯಾಯ ಬಂತು.

ಖರ್ಚನ್ನು ಅದರದಲ್ಲದ ಖಾತೆಗೆ ಬರೆದರೂ ಎರಡು ಬದಿಯ ಮೊತ್ತ ತಾಳೆಯಾಗುತ್ತದೆ, ಹೀಗಾಗಿ ಇಂಥ ತಪ್ಪು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಉಳಿಯುತ್ತದೆ, ಎಂದಿತ್ತು. ಓದಿದೆ. ಮತ್ತೆ ಓದಿದೆ. ಕೂತಿದ್ದ ಪೈಪು ಹಾವಿನಂತೆ ಜಾರಿದ ಹಾಗಾಯಿತು.

ಎದ್ದು ಹೋಗಿ ಸಂಬಳದ ಖಾತೆ ತೆಗೆದೆ. ಕೌಂಟರಿನಣ್ಣ ಇದ್ದ, ಡ್ರೈವರ್ ಇದ್ದ, ರಾತ್ರಿ ಕಾವಲಿನ ತಾತನೂ ಇದ್ದ. ನಾನಿರಲಿಲ್ಲ. ನಾನಿದ್ದದ್ದು ಚಿಲ್ಲರೆ ಖರ್ಚಿನಲ್ಲಿ. ಕಸಬರಿಗೆ, ಚಹಾ, ಫಿನಾಯಿಲು, ನಾನು, ಗೋಂದು, ಮತ್ತೆ ಚಹಾ. ನಾಲ್ಕು ದಿನಕ್ಕೆಂದು ಬಂದವಳಿಗೆ ಬೇರೆ ಖಾತೆ ಯಾಕೆಂದು ಮೊದಲ ತಿಂಗಳು ಅಲ್ಲಿ ಬರೆಸಿದ್ದರು. ಆಮೇಲೆ ಹಿಂದಿನ ತಿಂಗಳು ನೋಡಿ ಈ ತಿಂಗಳು ಬರೆಯುವ ರೂಢಿ. ಅಜ್ಜಿಯ ಕಥೆಗಳಲ್ಲಿ ರಾಜಕುಮಾರಿಯನ್ನು ಕಲ್ಲು ಮಾಡಲು, ಹಕ್ಕಿ ಮಾಡಲು ಒಬ್ಬ ಮಾಟಗಾತಿ ಬೇಕಾಗುತ್ತಿದ್ದಳು. ಇಲ್ಲಿ ಯಾರೂ ಬೇಕಾಗಲಿಲ್ಲ. ಕಸಬರಿಗೆಯ ಪಕ್ಕದಲ್ಲಿ ನನ್ನನ್ನು ನಿಲ್ಲಿಸಿದ್ದು ನನ್ನದೇ ದುಂಡನೆಯ ಅಕ್ಷರ.

ನೇರ ಯಜಮಾನರ ಮೇಜಿಗೆ ಹೋದೆ.

"ನನ್ನ ಸಂಬಳ ಚಿಲ್ಲರೆ ಖರ್ಚಲ್ಲಿದೆ."

"ಎಲ್ಲಿದ್ರೇನಮ್ಮ? ದುಡ್ಡು ಕೈಗೆ ಬಂತೋ ಇಲ್ವೋ?"

"ಬಂತು. ಚಹಾದವನಿಗೂ ಬಂತು."

ಅವರು ನಕ್ಕರು. "ಬರೆದವಳು ನೀನೇ ತಾನೆ? ಈಗ ನನ್ನ ಕೇಳ್ತೀಯಲ್ಲ!"

ಇದಕ್ಕಿಂತ ಕೆನ್ನೆಗೆ ಹೊಡೆದಿದ್ದರೆ ವಾಸಿಯಿತ್ತು. "ಬರೆಸಿದವರು ನೀವು," ಎಂದೆ.

"ಆಯ್ತು ಬಿಡು. ಬರೋ ತಿಂಗಳಿಂದ ಸಂಬಳ ಅಂತ ಬರ್ಕೋ. ಹಳೇದನ್ನೆಲ್ಲ ಕೆದಕಬೇಡ. ರಜೆ, ಬೋನಸ್ಸು ಅಂತ ನಾಳೆ ಎಲ್ಲಿಗೋ ಹೋಗತ್ತೆ. ಪರೀಕ್ಷೆಗೆ ಒಂದು ಕಾಗದ ಬೇಕು ತಾನೆ? ಕೊಡ್ತೀನಿ."

ಅಲ್ಲೇ ಬರೆದು ಕೊಟ್ಟರು. 'ಇವರು ನಮ್ಮ ಅಂಗಡಿಗೆ ಆಗಾಗ ಸಹಾಯಕ್ಕೆ ಬರುತ್ತಿದ್ದರು.'

ಆಗಾಗ! ಜ್ವರವಿದ್ದರೂ ಬಂದಿದ್ದೇನೆ. ಅಮ್ಮನ ಕಾರ್ಯ ಮುಗಿದ ಮಾರನೇ ದಿನ ಬಂದು, ವರ್ಷಾಂತ್ಯದ ಸ್ಟಾಕು ಎಣಿಸಿದ್ದೇನೆ. ಆ ಕಾಗದವನ್ನು ಮನೆಗೆ ಒಯ್ದು ಅಜ್ಜಿಗೆ ಓದಿದೆ. ಅಜ್ಜಿ ಬಾಚಣಿಗೆ ಕೆಳಗಿಟ್ಟಳು.

"ಸಹಾಯಕ್ಕೆ ಬರೋದು ಅಂದ್ರೆ, ಬರದೇ ಇದ್ರೂ ನಡೆಯತ್ತೆ ಅಂತ. ನೀನು ಒಂದು ದಿನ ಬರಲ್ಲ ಅಂದ್ರೆ ಅವನು ಮನೆ ಬಾಗಿಲಿಗೇ ಬರ್ತಿದ್ನಲ್ಲೇ!"

"ಏನ್ಮಾಡ್ಲಿ ಅಜ್ಜಿ?"

"ಲೆಕ್ಕ ಓದ್ತಿರೋಳು ನೀನು. ಆ ಪುಸ್ತಕದಲ್ಲಿ ತಪ್ಪು ಮಾಡೋದು ಮಾತ್ರ ಬರೆದಿದ್ಯಾ, ತಿದ್ದೋದೂ ಬರೆದಿದ್ಯಾ?"

ಬರೆದಿತ್ತು. ಮುಗಿದ ವರ್ಷಗಳ ಪುಟ ಮುಟ್ಟುವ ಹಾಗಿಲ್ಲ. ಈ ವರ್ಷದ್ದನ್ನು ಸರಿಯಾದ ಖಾತೆಗೆ ದಾಟಿಸಬೇಕು, ಕೆಳಗೆ ಕಾರಣದ ಸಾಲು ಬರೆಯಬೇಕು. ಮರುದಿನ ಕಿರ್ದಿಯಲ್ಲಿ, ಅಂದರೆ ದಿನದಿನದ ವ್ಯವಹಾರ ಬರೆಯುವ ಪುಸ್ತಕದಲ್ಲಿ, ನನ್ನನ್ನು ಚಿಲ್ಲರೆಯಿಂದ ತೆಗೆದು ಸಂಬಳಕ್ಕೆ ಹಾಕಿದೆ. ಕೆಳಗೆ ಬರೆದೆ: 'ಲೆಕ್ಕ ಬರೆಯುವವರ ಸಂಬಳವನ್ನು, ಅವರು ಸೇರಿದಂದಿನಿಂದ ಎಂಟು ವರ್ಷ, ಚಿಲ್ಲರೆ ಖರ್ಚೆಂದು ತಪ್ಪಾಗಿ ಬರೆಯಲಾಗಿದ್ದು, ಈ ವರ್ಷದ್ದನ್ನು ಸರಿಪಡಿಸಿದೆ.'

ನಮ್ಮಲ್ಲಿ ಪುಟ ತುಂಬಿದಾಗ ಯಜಮಾನರು ಕೆಳಗೆ ಸಹಿ ಹಾಕಬೇಕು; ಸಹಿಯಾಗದೆ ಮುಂದಿನ ಪುಟ ತೆರೆಯುವ ಹಾಗಿಲ್ಲ. ಇದು ಅವರ ತಂದೆ ಮಾಡಿದ ಕಟ್ಟಳೆ, ಬಂದ ಗಿರಾಕಿಗೆಲ್ಲ ಹೆಮ್ಮೆಯಿಂದ ಹೇಳುತ್ತಾರೆ. ನನ್ನ ನಮೂದಿನಿಂದ ಪುಟ ಹೆಚ್ಚುಕಡಿಮೆ ತುಂಬಿ, ಕೆಳಗೆ ಎರಡು ಮೂರು ಸಾಲಷ್ಟೇ ಉಳಿದಿತ್ತು. ಅವತ್ತೇ ಬ್ಯಾಂಕಿನವನು ಪುಸ್ತಕ ನೋಡಲು ಬಂದು ಹೊರಗೆ ಕೂತಿದ್ದ.

ಯಜಮಾನರು ಪುಟ ಓದಿದರು. ಮುಖ ಕೆಂಪಾಯಿತು.

"ಇದನ್ನ ಹೊಡೆದು ಹಾಕು."

"ಕಿರ್ದಿಯಲ್ಲಿ ಹೊಡೆದು ಹಾಕೋ ಹಾಗಿಲ್ಲ. ಬೇಡ ಅಂದ್ರೆ ಇದಕ್ಕೆ ಉಲ್ಟಾ ಇನ್ನೊಂದು ನಮೂದು ಹಾಕ್ಬೇಕು."

"ಹಾಕು ಮತ್ತೆ!"

ಪೆನ್ನು ಹಿಡಿದು, ಖಾತೆಗಳನ್ನು ತಿರುಗಿಸಿ ಬರೆಯಲು ಜಾಗ ನೋಡಿಕೊಂಡೆ. "ಕಾರಣ ಹೇಳಿ. ಕೆಳಗೆ ಬರೀಬೇಕು."

"ಕಾರಣ ಅಂದ್ರೆ... ಬರಿ. ಇವರು..." ನಿಂತರು. ಕೌಂಟರಿನಣ್ಣ ಗ್ಯಾಸ್ಕೆಟ್ಟಿನ ಪೊಟ್ಟಣ ಕಟ್ಟುವುದನ್ನು ಮರೆತು ನಮ್ಮನ್ನೇ ನೋಡುತ್ತಿದ್ದ.

"ಇವರು ಕೆಲಸ ಮಾಡಿಲ್ಲ ಅಂತ ಬರೀಲಾ?"

"ಹಾಗಲ್ಲ..."

"ಮಾಡಿದ್ರೂ ಸಂಬಳದವರಲ್ಲ ಅಂತ?"

"ಬಾಯಿ ಜೋರಾಯ್ತು ನಿಂದು! ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರೆ. ನಿಂಗೆ ಓದು ಬಂದು ಬುದ್ಧಿ ಹೋಯ್ತು."

"ಅದನ್ನೇ ಬರೀಲಾ?"

ಕೌಂಟರಿನಣ್ಣ ಕೆಮ್ಮಿ ನಗು ನುಂಗಿದ. ಹೊರಗೆ ಬ್ಯಾಂಕಿನವನು ಕುರ್ಚಿ ಎಳೆದ ಸದ್ದಾಯಿತು. ಯಜಮಾನರು ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು ಪುಟದ ಕೆಳಗೆ, ಕಾಗದ ಹರಿಯುವಷ್ಟು ಒತ್ತಿ, ಸಹಿ ಗೀಚಿದರು. ನಾನು ನಕಲು ತೆಗೆಸಿ ತಂದದ್ದಕ್ಕೂ ಹಾಕಿದರು.

"ತಗೋ. ಒಂದು ಥ್ಯಾಂಕ್ಸ್ ಆದ್ರೂ ಹೇಳ್ತೀಯೋ, ಅದಕ್ಕೂ ಕಾರಣ ಬೇಕೋ?"

ಎಂಟು ವರ್ಷದಲ್ಲಿ ಅವರಿಗೆ ಎಷ್ಟೋ ಸಲ ಥ್ಯಾಂಕ್ಸ್ ಹೇಳಿದ್ದೇನೆ, ತಿಂಗಳ ಮೊದಲ ದಿನ, ನನ್ನ ದುಡಿಮೆಯ ದುಡ್ಡಿಗೆ. ಅವತ್ತು ಹೇಳಲಿಲ್ಲ. ನಕಲನ್ನು ಅರ್ಜಿಯ ಲಕೋಟೆಗೆ ಸೇರಿಸಿ, ಅಂಚೆ ಕಚೇರಿ ಮುಚ್ಚುವುದರೊಳಗೆ ಹೋಗಿಬರುತ್ತೇನೆಂದು ಕೌಂಟರಿನಣ್ಣನಿಗೆ ಹೇಳಿ ಚಪ್ಪಲಿ ಮೆಟ್ಟಿದೆ. ಯಜಮಾನರ ಅಪ್ಪಣೆ ಕೇಳಲಿಲ್ಲ.