ಸಪ್ತಮಿಯ ಉಲು

ಢಾಕು ಡೋಲಿನ ಒಂದೊಂದು ಪೆಟ್ಟೂ ನೇರ ನನ್ನ ದವಡೆಗೇ ಬೀಳುತ್ತಿದೆ, ಕಿವಿಯ ಕೆಳಗೆ, ಅಲ್ಲೇ, ಬಾಯಿ ಮುಚ್ಚಿದರೂ ನೋವು, ತೆರೆದರೂ ನೋವು — ಹಲ್ಲಲ್ಲ ದೀದಿ, ಹಲ್ಲು ಸರಿಯಾಗಿದೆ, ಅಷ್ಟು ಹೊತ್ತು ಬಾಯಿ ತೆರೆದಿದ್ದಿರಲ್ಲ, ದವಡೆಯ ಸ್ನಾಯು ದಣಿದಿದೆ, ಬಿಸಿ ಬಟ್ಟೆ ಒತ್ತಿ, ಮೆತ್ತಗಿನ ಅನ್ನ ತಿನ್ನಿ, ಆಕಳಿಕೆ ಬಂದರೂ ಗದ್ದಕ್ಕೆ ಕೈ ಕೊಡಿ, ಬೆಳಿಗ್ಗೆ ಫೋನಿನಲ್ಲಿ ಡಾಕ್ಟರು ಹೇಳಿದ್ದು, ಆಕಳಿಕೆಗೇ ಈ ಕಟ್ಟುಪಾಡಾದರೆ ಬಾಯಿ ತೆರೆದು ನಾಲಿಗೆಯಾಡಿಸಿ ಕೂಗುವ ಉಲುವಿನ ಗತಿಯೇನು ಎಂದು ನಾನು ಕೇಳಲಿಲ್ಲ, ಕೇಳಿದ್ದರೆ ಬೇಡ ಅಂದುಬಿಡುತ್ತಿದ್ದರು. ನಿನ್ನೆ ಷಷ್ಠಿ, ದುರ್ಗಾಪೂಜೆಗೆ ಕ್ಲಿನಿಕ್ ಮುಚ್ಚುತ್ತದೆಂದು ಎರಡು ಸಲದ ರೂಟ್ ಕೆನಾಲ್ ಒಂದೇ ಸಲಕ್ಕೆ ಮುಗಿಸಿದರು, ಸಾಕೆನಿಸಿದರೆ ಕೈ ಎತ್ತಿ, ಬಾಯಿಗೆ ಬಿಡುವು ಕೊಡೋಣ ಎಂದಿದ್ದರು, ಎತ್ತಿದೆನೇ, ಇಲ್ಲ, ಈ ಕೃಷ್ಣವೇಣಿ ಕೈ ಎತ್ತುವವಳಲ್ಲ, ಹಲ್ಲು ಕಚ್ಚಿ ತಡೆದುಕೋ ಅನ್ನುತ್ತಾರಲ್ಲ, ಬಾಯಿ ತೆರೆದು ಮಲಗಿದವಳು ಏನನ್ನು ಕಚ್ಚುವುದು, ಆದರೂ ತಡೆದೆ, ಇಂಥ ಪೇಷಂಟನ್ನು ನೋಡಿಲ್ಲ ದೀದಿ ಅಂದರು, ಮೆಟ್ಟಿಲಿಳಿಯುವಾಗ ನನ್ನ ನಡಿಗೆಯೇ ಬೇರೆ. ಈಗ ನೋಡು, ಬೆಹಾಲಾದ ನಮ್ಮ ಪೆಂಡಾಲಿನಲ್ಲಿ ಬಂಗಾಳಿ ಹೆಂಗಸರ ಈ ಮಂಗಳಕೂಗಿನದೇ, ಉಲುವಿನದೇ ಸ್ಪರ್ಧೆ, ಸಾಲಿನ ಕೊನೆಗೆ ನಾನು, ಕನ್ನಡದವಳು ನಾನೊಬ್ಬಳೇ, ನನ್ನ ಮುಂದೆ ಕೆಳಮನೆಯ ಶರ್ಮಿಷ್ಠಾ ಬೌದಿ, ಇಲ್ಲಿ ಅತ್ತಿಗೆಗೆ ಹಾಗನ್ನುವುದು, ನಾವು ಬಂದ ವರ್ಷ ಏನಂದಿದ್ದರು, ದೀದಿ, ಇದು ಮದ್ರಾಸಿಗಳ ನಾಲಿಗೆಗೆ ಬರೋದಲ್ಲ, ಮೈಸೂರಿನವಳು ನಾನು, ಮದ್ರಾಸನ್ನು ರೈಲು ಬದಲಿಸುವಾಗ ಕಂಡಿದ್ದೇ ಹೆಚ್ಚು, ಸರಿ, ನೋಡೇಬಿಡೋಣ ಎಂದು ಕುಕ್ಕರು ಕೂಗುವಾಗೆಲ್ಲ ನಾಲಿಗೆ ಅತ್ತಿತ್ತ ಆಡಿಸುತ್ತ ಒಂದೇ ಉಸಿರಲ್ಲಿ ಎಳೆದೆಳೆದು ಕಲಿತೆ, ಆಗ ಸ್ಕೂಲಿಗೆ ಹೋಗುತ್ತಿದ್ದ ಮಗಳು ಅಪೂರ್ವಾ, ಅಮ್ಮಾ ಸ್ಟಾಪ್, ಎಲ್ಲರಿಗೂ ಕೇಳತ್ತೆ, ನಂಗೆ ಶೇಮ್ ಆಗತ್ತೆ ಅನ್ನುತ್ತಿದ್ದಳು, ಹೋದ ಎರಡು ಪೂಜೆಗೂ ಹಿತ್ತಾಳೆ ದೀಪ ಗೆದ್ದು ತಂದಾಗಲೂ ಅದೇ ಮುಖ.

ಬೌದಿ ಎಳೆದರು, ಚೆನ್ನಾಗಿಯೇ ಎಳೆದರು, ಒಪ್ಪಬೇಕು, ಇನ್ನು ಮೈಕು ನನಗೆ, ಅಷ್ಟರಲ್ಲಿ ಪಕ್ಕಕ್ಕೆ ಬಂದು ನಿಂತಳು ಅಪೂರ್ವಾ, ಸೆಕ್ಟರ್ ಫೈವಿನ ಆಫೀಸ್ ಸುಮೋದಿಂದ ಇಳಿದವಳು ಹಾಗೇ, ಸಪ್ತಮಿಗೂ ರಜೆ ಕೊಡದ ಅಮೆರಿಕದ ಕೆಲಸ, ಅಮ್ಮಾ, ಡಾಕ್ಟರ್ ಮನಾ ಕಿಯಾ ಥಾ ನಾ, ಬಾಯಿ ಜಾಸ್ತಿ ತೆರೀಬೇಡ ಅಂದಿದ್ರಲ್ಲ, ಬಿಟ್ಬಿಡು ಪ್ಲೀಸ್, ಬಿಡುವುದೇ, ನಾನೇ, ಉಸಿರು ತುಂಬಿಕೊಂಡೆ, ಬಾಯಿ ಎರಡು ಬೆರಳಷ್ಟೇ ತೆರೆಯಿತು, ಸಾಕು, ಹೊರಟಿತು ಉಲು, ಎತ್ತರ, ಇನ್ನೂ ಎತ್ತರ, ನೋಡಿ ಬೌದಿ, ಮದ್ರಾಸಿ — ಕಿವಿಯ ಕೆಳಗೆ ಟಕ್ ಅಂತ ಏನೋ ಹಿಡಿದುಕೊಂಡಿತು, ಧ್ವನಿ ಕತ್ತರಿಸಿಹೋಯಿತು, ಉಸಿರಿದೆ, ದವಡೆ ಅಲ್ಲಾಡುವುದಿಲ್ಲ, ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ, ಅಯ್ಯೋ, ಹೋಯಿತು ಮಾನ — ಆದರೆ ಉಲು ನಿಂತಿಲ್ಲ, ನನ್ನದೇ ಎಳೆತ, ಕೊನೆಯಲ್ಲಿ ನನ್ನದೇ ಕೊಂಕು, ಬಾಯಿ ಮಾತ್ರ ನನ್ನದಲ್ಲ, ಅಪೂರ್ವಾ, ಅಷ್ಟು ಜನರ ನಡುವೆ, ಯಾವಾಗ ಕಲಿತಳೇ ಇವಳು, ದೀಪ ಬೌದಿಗೇ ಹೋಗಲಿ, ಹತ್ತು ದೀಪ ಹೋಗಲಿ, ನನ್ನ ಮಗಳು ನೋಡಿ, ನೋಡಿ ಎಲ್ಲರೂ, ಎಷ್ಟು ಸಲೀಸು ಆ ದವಡೆ, ಆ ತೆರೆದ ಬಾಯಿ, ನಾಲಿಗೆ ಅತ್ತ ಇತ್ತ, ನನ್ನ ಮಗಳ ತೆರೆದ ಬಾಯಿ, ಅತ್ತ ಇತ್ತ, ತೆರೆದ ಬಾಯಿ —