ನಡುಕ ನನ್ನದು, ಬೈಗುಳ ಅವಳಿಗೆ

ನಾನು ಒಂದು ಬ್ರೇಕ್ ಡಿಸ್ಕು. ಊಟದ ತಟ್ಟೆಯಷ್ಟು ಅಗಲ, ಎತ್ತಿದರೆ ಕೈ ಜಗ್ಗುವಷ್ಟು ಭಾರ. ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ಕಾದ ಕಬ್ಬಿಣವನ್ನು ಮರಳಿನ ಅಚ್ಚಿಗೆ ಹೊಯ್ದು ನನ್ನನ್ನು ಹುಟ್ಟಿಸಿದರು. ಆಮೇಲೆ ಲೇತಿಗೆ ಕಟ್ಟಿ ಎರಡೂ ಮುಖ ನುಣ್ಣಗೆ ಕೆತ್ತಿದರು. ಕೂದಲೆಳೆಯಷ್ಟೂ ಡೊಂಕಿರಲಿಲ್ಲ ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಹುಟ್ಟಿನಿಂದಲೇ ಡೊಂಕು ಅಂದುಕೊಂಡೀರಿ.

ಕಲಘಟಗಿಯ ಈರಣ್ಣನೆಂಬವನ ಬಿಳಿ ಕಾರಿನ ಮುಂದಿನ ಎಡಚಕ್ರದೊಳಗೆ ನನ್ನನ್ನು ಕೂರಿಸಿದರು. ಮೇಲೆ ಕೂತವರು ಬ್ರೇಕ್ ತುಳಿದರೆ ಎರಡು ಪ್ಯಾಡುಗಳು ಬಂದು ನನ್ನನ್ನು ಎರಡೂ ಕಡೆಯಿಂದ ಒತ್ತುತ್ತವೆ, ಗಾಡಿ ನಿಲ್ಲುತ್ತದೆ. ನನಗೆ ಮನುಷ್ಯರ ಮುಖ ಅಷ್ಟಾಗಿ ಗೊತ್ತಿಲ್ಲ, ಕಾಲು ಗೊತ್ತು. ಈರಣ್ಣನದು ಅವಸರದ ಕಾಲು. ಅವನು ಜ್ವರದಿಂದ ತೀರಿಕೊಂಡ ಮೇಲೆ ಅವನ ಹೆಂಡತಿ ನೀಲವ್ವ ಗಾಡಿ ಕಲಿತು, ಊರಿನ ಮಕ್ಕಳನ್ನು ಶಾಲೆಗೆ ಬಿಡತೊಡಗಿದಳು. ಅವಳ ಕಾಲು ಮೆತ್ತಗೆ ಇಳಿಯುತ್ತಿತ್ತು, ಹಾಲು ಉಕ್ಕದಂತೆ ಉರಿ ಇಳಿಸುವ ಹಾಗೆ. ಅವಳ ಕೈಯಲ್ಲಿ ನಾನು ಎರಡು ವರ್ಷ ಸುಖವಾಗಿದ್ದೆ.

ಆಮೇಲೆ ಭಾನುವಾರ ಮಾತ್ರ ಗಾಡಿ ಅವಳ ಮೈದುನ ಚನ್ನವೀರನದಾಯಿತು. ಅವನು ಜನರನ್ನು ತುಂಬಿಕೊಂಡು ಅಂಕೋಲೆಯ ಸಮುದ್ರಕ್ಕೆ ಹೋಗುತ್ತಿದ್ದ. ದಾರಿಯಲ್ಲಿ ಅರಬೈಲ್ ಘಾಟ್ ಇದೆ. ಗೇರಿನಲ್ಲಿ ಇಳಿದರೆ ಎಂಜಿನ್ನೇ ಗಾಡಿಯನ್ನು ಅರ್ಧ ಹಿಡಿಯುತ್ತದೆ. ಈ ಪುಣ್ಯಾತ್ಮ ಹಾಗೆ ಮಾಡಿದರಲ್ಲವೇ!

"ಘಾಟ್ ಪೂರಾ ನ್ಯೂಟ್ರಲ್‌ನ್ಯಾಗ ಇಳಸ್ತೀನಿ ನೋಡ್ರಿ, ಡೀಸೆಲ್ ಒಂದು ಹನಿ ಖರ್ಚಿಲ್ಲ!" ಎಂದು ಹಿಂದೆ ಕೂತವರಿಗೆ ಜಂಬ ಕೊಚ್ಚುತ್ತಿದ್ದ. ಏಳು ಜನರ ಭಾರ, ಅಷ್ಟು ದೊಡ್ಡ ಇಳಿಜಾರು, ಎಲ್ಲ ನನ್ನ ಮೈಮೇಲೆ. ಅವನ ಕಾಲು ಬ್ರೇಕಿನಿಂದ ಮೇಲೇಳುತ್ತಲೇ ಇರಲಿಲ್ಲ. ನಾನು ಕಾದು ನೀಲಿಗಟ್ಟುತ್ತಿದ್ದೆ. ಕಾಯಲಿ, ಬೆಂಕಿಯಲ್ಲೇ ಹುಟ್ಟಿದವನು ನಾನು, ಅದಕ್ಕೆ ಅಳುವುದಿಲ್ಲ. ಆದರೆ ಘಾಟ್ ಇಳಿದ ಕೂಡಲೇ ನಲ್ಲಿಯ ಹತ್ತಿರ ಗಾಡಿ ನಿಲ್ಲಿಸಿ, ಬಕೆಟ್ಟು ತುಂಬಿ ಚಕ್ರಕ್ಕೆ ರಪ್ಪನೆ ನೀರು ಎರಚುತ್ತಿದ್ದ.

"ಭಾಳ ದಣದೈತಿ ಗಾಡಿ, ತಂಪಾಗ್ಲಿ!"

ತಂಪಂತೆ, ತಂಪು! ಕಾದ ಕಬ್ಬಿಣಕ್ಕೆ ತಣ್ಣೀರು! ನೀರು ಬಿದ್ದ ಭಾಗ ಚುರ್ ಎಂದು ಕುಗ್ಗಿತು, ಬೀಳದ ಭಾಗ ಹಾಗೇ ಉಬ್ಬಿಕೊಂಡಿತ್ತು. ನಾಲ್ಕು ಭಾನುವಾರ ಹೀಗೇ ಆಯಿತು. ಐದನೆಯದಕ್ಕೆ ನಾನು ಡೊಂಕಾದೆ.

ಸೋಮವಾರ ಬೆಳಿಗ್ಗೆ ನೀಲವ್ವ ಮೆತ್ತಗೆ ಬ್ರೇಕ್ ಒತ್ತಿದಳು. ನನ್ನ ಉಬ್ಬಿದ ಭಾಗ ಸುತ್ತು ಸುತ್ತಿಗೂ ಪ್ಯಾಡನ್ನು ತಳ್ಳಿತು. ಸ್ಟೇರಿಂಗ್ ಗಡಗಡ ನಡುಗಿತು. ಮೊದಲ ದಿನ ಮಕ್ಕಳು ನಕ್ಕರು, ಮೂರನೆಯ ದಿನ ಒಂದು ಹುಡುಗಿ ಹೆದರಿ ಅತ್ತಳು. ತಂದೆತಾಯಂದಿರು ಮನೆಗೇ ದೂರು ತಂದರು. ನೀಲವ್ವನ ಅತ್ತೆ, ಚನ್ನವೀರನ ತಾಯಿ, ಅಂಗಳದಲ್ಲಿ ನಿಂತು ಹೇಳಿದಳು: "ಐತವಾರದೊಳಗ ಸರಿ ಆಗ್ಲಿಲ್ಲಂದ್ರ ಕೀಲಿ ಚನ್ನವೀರನ ಕೈಗೆ ಕೊಟ್ಟುಬಿಡು. ಮಂದಿ ಮಕ್ಕಳ ಜೀವದ ಮಾತು ಇದು."

ಚನ್ನವೀರ ಮೀಸೆಯೊಳಗೇ ನಕ್ಕ. "ನಾ ಹೊಡದ್ರ ಒಟ್ಟ ನಡಗೂದಿಲ್ಲ ವೈನಿ. ಕುಣೀಲಾಕ ಬಾರದಾಕಿ ನೆಲ ಡೊಂಕ ಅಂದ್ಲಂತ!"

ಸುಳ್ಳ! ಆ ಭಾನುವಾರ ಮರಳಿ ಬರುವಾಗ ಅವನ ಕೈಯಲ್ಲೂ ನಡುಗಿದ್ದೆ, ಹಲ್ಲು ಕಟಕಟಿಸುವಷ್ಟು. ಈ ಬಾರಿ ನೆಲವೇ ಡೊಂಕು ಕಣೋ ಎಂದು ಕೂಗಬೇಕೆನಿಸಿತು. ಕೂಗಲು ನನಗಿರುವುದು ನಡುಕ ಒಂದೇ. ನಾನು ಕೂಗಿದಷ್ಟೂ ಬೈಗುಳ ಅವಳಿಗೇ ಬೀಳುತ್ತಿತ್ತು.

ಗ್ಯಾರೇಜಿನ ಪರಸಪ್ಪನೂ ಅಷ್ಟೇ. ಟೈರು ಅದಲುಬದಲು ಮಾಡಿದ, ಅಲೈನ್‌ಮೆಂಟ್ ನೋಡಿದ, ಕೊನೆಗೆ ಕೈ ಒರೆಸಿಕೊಂಡು, "ಹೆಣ್ಮಕ್ಕಳ ಕಾಲು ಸದಾ ಬ್ರೇಕಿನ ಮ್ಯಾಲ ಇರತೈತ್ರಿ ಅಕ್ಕಾರ, ಅದಕ್ಕ ಹಿಂಗ" ಎಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಚಕ್ರ ಬಿಚ್ಚಿ ನನ್ನತ್ತ ಒಮ್ಮೆ ಕಣ್ಣು ಹಾಯಿಸಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ನೀಲವ್ವ ಶನಿವಾರ ಮಕ್ಕಳನ್ನು ಬಿಟ್ಟು, ಖಾಲಿ ಬಿದ್ದಿದ್ದ ಸಂತೆ ಮೈದಾನಕ್ಕೆ ಗಾಡಿ ತಂದಳು. ಓಡಿಸಿ ಬ್ರೇಕ್ ತುಳಿದಳು, ನಡುಗಿದೆ. ಮತ್ತೆ ಓಡಿಸಿ, ಈ ಸಲ ಹ್ಯಾಂಡ್‌ಬ್ರೇಕ್ ಮಾತ್ರ ಮೆಲ್ಲಗೆ ಎಳೆದಳು. ಅದು ಹಿಡಿಯುವುದು ಹಿಂದಿನ ಚಕ್ರಗಳನ್ನು. ಗಾಡಿ ಬೆಣ್ಣೆಯ ಹಾಗೆ ನಿಂತಿತು. ಇನ್ನೊಮ್ಮೆ, ಇನ್ನೊಮ್ಮೆ. ಆಮೇಲೆ ನೇರ ಗ್ಯಾರೇಜಿಗೆ ಬಂದು ಇಳಿದಳು.

"ಹಿಂದಿನ ಗಾಲಿ ಹಿಡದ್ರ ನಡುಕಿಲ್ಲ. ದೋಷ ಮುಂದೈತಿ. ಗಾಲಿ ಬಿಚ್ಚು ಪರಸಪ್ಪ."

"ಅಕ್ಕಾರ, ನನಗ ಕಲಸ್ತೀರೇನ?"

"ಕಲಿಯೂದಿದ್ರ ಕಲಿ. ಮೊದಲ ಬಿಚ್ಚು."

ಬಿಚ್ಚಿದ. ಬೆಳಕು ಬಿತ್ತು. ನನ್ನ ಮೈಮೇಲಿನ ನೀಲಿ ಕಲೆಗಳನ್ನು ಕಂಡು ಅವನು ಬಗ್ಗಿ ನೋಡಿದ. ನೀಲವ್ವ ಸೀಟಿನ ಕೆಳಗೆ ಮಕ್ಕಳು ಬೀಳಿಸಿದ್ದ ಸೀಮೆಸುಣ್ಣದ ತುಂಡು ತಂದಳು. ನನಗೆ ನಟ್ಟು ಬಿಗಿಸಿ, ಪರಸಪ್ಪನ ಕೈಯಲ್ಲಿ ಸೀಮೆಸುಣ್ಣವನ್ನು ಅಲುಗದಂತೆ ಹತ್ತಿರ ಹಿಡಿಸಿ, ಕೈಯಿಂದ ನನ್ನನ್ನು ತಿರುಗಿಸಿದಳು. ನೆಟ್ಟಗಿದ್ದರೆ ಸುತ್ತಲೂ ಗೆರೆ ಬೀಳಬೇಕು. ಬಿದ್ದದ್ದು ಅರ್ಧಕ್ಕೆ ಮಾತ್ರ.

ಪರಸಪ್ಪ ತಲೆ ಕೆರೆದುಕೊಂಡ. "ಇದು ಘಾಟಿನ್ಯಾಗ ಕಾದು, ಮ್ಯಾಲ ನೀರು ಬಿದ್ದದ್ದರೀ. ಶಾಲಿ ದಾರ್ಯಾಗ ಹಿಂಗ ಆಗೂದಿಲ್ಲ."

ಎರಡೂ ಮುಂಚಕ್ರಗಳಿಗೆ ಹೊಸ ಡಿಸ್ಕು, ಹೊಸ ಪ್ಯಾಡು ಬಿದ್ದವು. ನೀಲವ್ವ ನನ್ನನ್ನು ಗೋಣಿಚೀಲದಲ್ಲಿ ಸುತ್ತಿ ಮನೆಗೆ ಒಯ್ದು, ಭಾನುವಾರ ಬೆಳಿಗ್ಗೆ ಕೀಲಿಗೆ ಕೈ ಚಾಚಿದ ಚನ್ನವೀರನ ಅಂಗೈಯಲ್ಲಿ ನನ್ನನ್ನೇ ಇಟ್ಟಳು. ಅವನ ಕೈ ಜಗ್ಗಿತು.

"ಇದಕ್ಕ ನೀರು ಹಾಕಿದಾಂವ ಯಾರು? ಅತ್ತಿ ಮುಂದ ಹೇಳು."

ಅವನು ತನ್ನ ತಾಯಿಯ ಕಡೆ ನೋಡಿದ. ಅತ್ತೆ ನನ್ನ ನೀಲಿ ಕಲೆಯನ್ನು ಬೆರಳಿನಿಂದ ತಿಕ್ಕಿ ನೋಡಿದಳು, ಹೋಗಲಿಲ್ಲ. ಹಾಗೇ ಒಳಗೆ ಹೋದಳು. ಕೀಲಿ ನೀಲವ್ವನ ಸೊಂಟದಲ್ಲೇ ಉಳಿಯಿತು. ಆ ಭಾನುವಾರ ಸಮುದ್ರಕ್ಕೆ ಹೋದವರನ್ನು ಅವಳೇ ಎರಡನೇ ಗೇರಿನಲ್ಲಿ ಘಾಟ್ ಇಳಿಸಿದಳು.

ಈಗ ನಾನು ಹಿತ್ತಲ ಮೂಲೆಯಲ್ಲಿ, ನೀರಿನ ಡ್ರಮ್ಮಿನ ಮುಚ್ಚಳ ಹಾರದಂತೆ ಕೂತಿದ್ದೇನೆ. ತುಕ್ಕು ಹತ್ತಿದೆ. ಸಿಟ್ಟು ಮಾತ್ರ ಇಳಿದಿಲ್ಲ. ಚನ್ನವೀರ ಈ ಡ್ರಮ್ಮಿನಿಂದಲೇ ದಿನಾ ಮುಖ ತೊಳೆಯುತ್ತಾನೆ, ಪರಸಪ್ಪ ಸಂತೆಯಲ್ಲಿ ನಮಸ್ಕಾರ ಮಾಡುತ್ತಾನಂತೆ, ಮಕ್ಕಳ ತಂದೆತಾಯಂದಿರು ಮತ್ತೆ ನಗುನಗುತ್ತಾ ಮಾತಾಡಿಸುತ್ತಾರಂತೆ. ತಪ್ಪಾಯಿತು ನೀಲವ್ವ ಎಂದು ಇವತ್ತಿನವರೆಗೆ ಒಂದು ನರಪಿಳ್ಳೆಯೂ ಅಂದಿಲ್ಲ. ಅವಳ ಮೇಲೆ ಸುಳ್ಳು ಸಾಕ್ಷಿ ನುಡಿದದ್ದು ನನ್ನ ನಡುಕ. ಅದಕ್ಕೆ ನಾನೇ ಅನ್ನುತ್ತೇನೆ: ತಪ್ಪಾಯಿತು ತಾಯಿ.